ಆಗ್ನೆಸ್ ಟೀಚರ ಕೆಂಪು ರಿಬ್ಬನ್

ಜಯಕ್ಕನ ಶಾಲಿನಲ್ಲಿ ಒಂದು ಕುಣಿಕೆ ಜಾರಿದ್ದು ಮೂರು ತಿಂಗಳ ಹಿಂದೆ. ಅದು ಕಣ್ಣಿಗೆ ಬಿದ್ದದ್ದು ಮಾತ್ರ ಆಗ್ನೆಸ್ ಟೀಚರ ಹುಟ್ಟುಹಬ್ಬದ ದಿನ, ಮಧ್ಯಾಹ್ನ ಹನ್ನೆರಡಕ್ಕೆ.

ಜಯಕ್ಕನಿಗೆ ಈಗ ಅರವತ್ತಮೂರು, ಟೀಚರಿಗೆ ಎಂಬತ್ತಾರು. ಏಳನೇ ಕ್ಲಾಸಿನ ಹುಡುಗಿಯರಿಗೆ ಟೀಚರು ಉಲ್ಲನ್ ಹೆಣಿಗೆ ಕಲಿಸುತ್ತಿದ್ದರು. ತಪ್ಪಿಲ್ಲದ ಕೆಲಸಕ್ಕೆ ಒಂದು ಕೆಂಪು ರಿಬ್ಬನ್ ಸಿಕ್ಕಿಸಿ "ಸರಿ ಉಂಟು" ಎನ್ನುವರು. ತಪ್ಪಿದ್ದರೆ ಮಾತೇ ಇಲ್ಲ. ನೂಲಿನ ತುದಿ ಹಿಡಿದು ಸರ್ರನೆ ಎಳೆದು ಬಿಚ್ಚಿಹಾಕುವರು. ಆ ವರ್ಷ ಜಯಕ್ಕನ ಒಂದೇ ಮಫ್ಲರ್ ಒಂಬತ್ತು ಸಲ ಹುಟ್ಟಿ ಒಂಬತ್ತು ಸಲ ಸತ್ತಿತು. ಆಮೇಲೆ ಐವತ್ತು ವರ್ಷ ಅವಳು ಹೆಣಿಗೆ ಕಡ್ಡಿ ಮುಟ್ಟಲಿಲ್ಲ.

ಕಳೆದ ಕ್ರಿಸ್ಮಸ್ಸಿಗೆ ಕೊಟ್ಟಾರದ ಟೀಚರ ಮನೆಗೆ ಹೋದಾಗ, ಟೀಚರು ತಮ್ಮ ಮಗಳು ಶರ್ಲಿಯ ಎ.ಸಿ. ಕೋಣೆಯಲ್ಲಿ ಚಳಿಗೆ ಮುದುಡಿ ಕೂತಿದ್ದರು. ಮನೆಗೆ ಬಂದ ಜಯಕ್ಕ ಫೋನಿನ ವಿಡಿಯೋ ನೋಡಿ ಮತ್ತೆ ಕಡ್ಡಿ ಹಿಡಿದಳು. ಶಾಲು ಟೀಚರಿಗೆ, ಆ "ಸರಿ ಉಂಟು" ತನಗೆ.

ಹೆಣೆದು ಮುಗಿದ ಶಾಲು ನೀರಿಗೆ ಬಿದ್ದ ಹಪ್ಪಳದ ಹಾಗೆ ಮುದುಡಿತ್ತು. ಒದ್ದೆ ಮಾಡಿ, ಎಳೆದು, ಸುತ್ತ ಪಿನ್ನು ಚುಚ್ಚಿ ಒಣಗಿಸಿದರೆ ಜಾಲರಿ ಅರಳುತ್ತದೆ ಎಂದು ವಿಡಿಯೋದವಳು ಹೇಳಿದ್ದಳು. ಜಯಕ್ಕ ಕುಲಶೇಖರದ ತನ್ನ ತಾರಸಿಯಲ್ಲಿ ಚಾಪೆ ಹಾಸಿದಳು. ಕರೆಯದೆ ಬಂದವಳು ಪಕ್ಕದ ಮನೆಯ ಉಮಾವತಿ.

"ಎಂತ ಜಯಕ್ಕ, ಈ ಸೆಕೆಗೆ ಉಲ್ಲನ್ ಶಾಲಾ? ನಿಮಗೆ ಜ್ವರ ಉಂಟಾ?"

"ನನಗಲ್ಲ ಮಾರಾಯ್ತಿ, ಟೀಚರಿಗೆ. ನಾಲ್ಕು ಗಂಟೆಗೆ ಕೊಟ್ಟಾರದಲ್ಲಿ ಇರಬೇಕು. ಆ ತುದಿ ಸ್ವಲ್ಪ ಹಿಡಿ. ಮೆಲ್ಲ!"

ಉಮಾವತಿಯ ಕೈಗೆ ಮೆಲ್ಲ ಎಂಬುದು ಗೊತ್ತಿಲ್ಲ. ಬೆಡ್‌ಶೀಟ್ ಎಳೆದ ಹಾಗೆ ಎಳೆದಳು. ಕುತ್ತಿಗೆಯ ಹತ್ತಿರ, ಹೆಣಿಗೆ ಶುರುವಾದ ಜಾಗದಲ್ಲೇ, ಒಂದು ತೂತು ಬಾಯಿ ತೆರೆಯಿತು.

"ಇದು ಡಿಸೈನಾ?"

"ಅಲ್ಲ."

"ನೀವು ಹೇಳದಿದ್ದರೆ ಡಿಸೈನೇ. ಇಡೀ ಶಾಲೇ ತೂತು ಅಲ್ವಾ?"

ಜಯಕ್ಕನಿಗೆ ಗೊತ್ತಿದ್ದ ರಿಪೇರಿ ಒಂದೇ: ಅಷ್ಟೂ ಬಿಚ್ಚುವುದು. ಅವಳ ಮುಖ ನೋಡಲಾಗದೆ ಉಮಾವತಿ ಕಾಂಪೌಂಡಿನ ಆಚೆಗೆ ಕೂಗಿದಳು. ಅಲ್ಲಿ ಚಿತ್ತರಂಜನ ಇದ್ದ. ನಲವತ್ತು ವರ್ಷ ಮೀನಿನ ದಕ್ಕೆಯಲ್ಲಿ ಬೋಟುಗಳ ಬಲೆ ರಿಪೇರಿ ಮಾಡಿದ ಮನುಷ್ಯ. ಈಗ ರಿಟೈರಾಗಿ, ಊರಿನ ತೂತುಗಳನ್ನೆಲ್ಲ ಆಸೆಯಿಂದ ನೋಡುತ್ತ ಕೂತಿರುವವ.

ಬಲೆ ಹೆಣೆಯುವ ನೀಲಿ ಪ್ಲಾಸ್ಟಿಕ್ ಕಡ್ಡಿಯೊಂದಿಗೆ ಅವನು ಮೆಟ್ಟಿಲೇರಿ ಬಂದ. ಉಳಿದ ಉಲ್ಲನ್ ಸುತ್ತಿಕೊಂಡು, ತೂತಿನ ಸುತ್ತ ಅಂಗೈಯಗಲ ಜಾಗಕ್ಕೆ ಗಂಟಿನ ಮೇಲೆ ಗಂಟು ಹಾಕಿ ಬಿಗಿದ.

"ನೋಡಿ ಜಯಕ್ಕ, ಇದರಲ್ಲಿ ಇನ್ನು ಅಂಜಲ್ ಮೀನು ಸಿಕ್ಕಿದ್ರೂ ಹರಿದುಕೊಂಡು ಹೋಗ್ಲಿಕ್ಕಿಲ್ಲ."

"ಟೀಚರ ಹೆಗಲಿಗೆ ಅಂಜಲ್ ಎಂತಕ್ಕೆ ಚಿತ್ತರಂಜಣ್ಣ!" ಎಂದಳು ಜಯಕ್ಕ. ಆದರೆ ಗಂಟೆ ಎರಡೂವರೆ ಆಗಿತ್ತು.

ಶಾಲು ಇನ್ನೂ ಹಸಿ. ಚಿತ್ತರಂಜನನ ಸ್ಕೂಟರಿನ ಹಿಂದೆ ಕೂತು, ಗಾಳಿಗೆ ಒಣಗಲಿ ಎಂದು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ನಂತೂರಿನಲ್ಲಿ ಲಾರಿಗಳ ನಡುವೆ ಅರ್ಧ ಗಂಟೆ ನಿಂತರು. ಪಕ್ಕದ ಬಸ್ಸಿನ ಕಂಡಕ್ಟರ್ ಬಗ್ಗಿ, "ಅಕ್ಕಾ, ಬಲೆ ಹಿಡ್ಕೊಂಡು ಎಲ್ಲಿಗೆ? ಸಮುದ್ರ ಆ ಕಡೆ ಉಂಟು!" ಎಂದ. ಚಿತ್ತರಂಜನನಿಗೆ ಮಾತ್ರ ಬಹಳ ಸಂತೋಷವಾಯಿತು.

ಟೀಚರಿಗೆ ಈಗ ಕಣ್ಣು ಮಂಜು. ಕೆಲವು ದಿನ ಯಾರ ಗುರುತೂ ಹತ್ತುವುದಿಲ್ಲ ಎಂದು ಶರ್ಲಿ ಬಾಗಿಲಲ್ಲೇ ಹೇಳಿದ್ದಳು. ಜಯಕ್ಕ ಶಾಲನ್ನು ಅವರ ಮಡಿಲಲ್ಲಿ ಇಟ್ಟಳು. ಟೀಚರ ಬೆರಳುಗಳು ಉಲ್ಲನ್ ಮುಟ್ಟಿದ್ದೇ ತಡ, ಬೆನ್ನು ನೆಟ್ಟಗಾಯಿತು.

"ಜಯ. ಸೆವೆಂತ್ ಬಿ. ಇಷ್ಟು ದಿನ ಎಲ್ಲಿಗೆ ಹೋಗಿದ್ದೆ?"

ಜಯಕ್ಕ ಕೈಕಟ್ಟಿ ನಿಂತಳು. "ಇವತ್ತು ಮುಗಿಯಿತು ಟೀಚರ್."

ಬೆರಳುಗಳು ಸಾಲಿನಿಂದ ಸಾಲಿಗೆ ನಡೆದವು, ಒಂದು ಕಡೆ ನಿಂತವು. "ಇಲ್ಲಿ ಎರಡು ಕುಣಿಕೆ ಒಟ್ಟಿಗೆ ತೆಗೆದಿದ್ದಿ. ಶರ್ಲಿ, ಕತ್ತರಿ ತಾ."

"ಕೇಕಿಗೆ ಚೂರಿ ಉಂಟು ಮಮ್ಮಿ," ಎನ್ನುತ್ತಲೇ ಶರ್ಲಿ ಕತ್ತರಿ ಕೊಟ್ಟಳು. ಟೀಚರು ಕೊನೆಯ ಗಂಟು ಕತ್ತರಿಸಿ ನೂಲಿನ ತುದಿಯನ್ನು ಜಯಕ್ಕನ ಕೈಗೆ ಕೊಟ್ಟರು. "ಉಂಡೆ ಸುತ್ತು."

"ಅಯ್ಯೋ ಮಮ್ಮಿ, ಅದು ಗಿಫ್ಟು!"

"ಕ್ಲಾಸಿನಲ್ಲಿ ಮಾತಾಡಬಾರದು."

ಬೇಡ ಎನ್ನಲು ಜಯಕ್ಕನಿಗೆ ಬಾಯಿ ಬರಲಿಲ್ಲ. ಏಳನೇ ಕ್ಲಾಸಿನಲ್ಲಿ ಬರದ ಬಾಯಿ ಈಗೆಲ್ಲಿಂದ ಬರಬೇಕು? ಟೀಚರು ಎಳೆದರು, ಅವಳು ಸುತ್ತಿದಳು. ಎಳೆಯುತ್ತ ಟೀಚರು ಆ ಕ್ಲಾಸಿನ ಹುಡುಗಿಯರ ಹೆಸರು ಬೆಂಚಿನ ಕ್ರಮದಲ್ಲೇ ಹೇಳತೊಡಗಿದರು. ಯಾರಿಗೆ ಉದ್ದ ಜಡೆ, ಯಾರು ಪುನರ್ಪುಳಿ ಹಣ್ಣು ಕದ್ದು ತಿನ್ನುತ್ತಿದ್ದರು, ಎಲ್ಲ. ಶರ್ಲಿ ಬಾಯಿಬಿಟ್ಟು ಕೇಳುತ್ತಿದ್ದಳು. ಜಯಕ್ಕ ನಗುತ್ತ, ಕಣ್ಣೊರೆಸುತ್ತ, ಮೂರು ತಿಂಗಳನ್ನು ಉಂಡೆ ಮಾಡಿದಳು.

ಇಗರ್ಜಿಯ ಸಂಜೆಯ ಗಂಟೆ ಬಾರಿಸುವ ಹೊತ್ತಿಗೆ ನೂಲು ಗಕ್ಕನೆ ನಿಂತಿತು. ಟೀಚರು ಎಳೆದರು; ಬರಲಿಲ್ಲ. ಮತ್ತೆ ಎಳೆದರು, ಅಲ್ಲಾಡಲಿಲ್ಲ. ಉಳಿದಿದ್ದ ಅಂಗೈಯಗಲದ ಗಂಟುಗಂಟಿನ ತುಂಡನ್ನು ಬೆರಳಲ್ಲಿ ತಡವಿ ನೋಡಿದರು. ಅವರ ಮುಖ ಅರಳಿತು.

"ಸರಿ ಉಂಟು," ಎಂದರು. "ಇದು ಕೆಲಸ!"

"ಟೀಚರ್, ಅದು ನಾನಲ್ಲ…"

"ಹೊಗಳುವಾಗ ಎದುರು ಮಾತಾಡಬಾರದು ಜಯ." ಕೇಕಿನ ಪೆಟ್ಟಿಗೆಗೆ ಕಟ್ಟಿದ್ದ ಕೆಂಪು ರಿಬ್ಬನ್ ತರಿಸಿ, ತಾವೇ ಆ ತುಂಡಿಗೆ ಸಿಕ್ಕಿಸಿದರು. "ಉಳಿದದ್ದನ್ನೂ ಹೀಗೇ ಮಾಡಿಕೊಂಡು ಬಾ. ಬರುವ ವರ್ಷ ನೋಡ್ತೇನೆ."

ಜಗಲಿಯಲ್ಲಿ ಮೂರನೇ ತುಂಡು ಕೇಕ್ ಮುಗಿಸುತ್ತಿದ್ದ ಚಿತ್ತರಂಜನ ಎದ್ದು ನಿಂತ. "ಎಂತ ಹೇಳಿದ್ರು ಜಯಕ್ಕ? ಪಾಸಾ?"

ಜಯಕ್ಕ ಉಲ್ಲನಿನ ಉಂಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ರಿಬ್ಬನ್ ಇದ್ದ ತುಂಡನ್ನು ಅವನ ಅಂಗಿಯ ಕಿಸೆಗೆ ತುರುಕಿದಳು.

"ಫಸ್ಟ್ ಪ್ರೈಜ್," ಎಂದಳು. "ನಿಮಗೆ."