ಹಲ್ಲು ಬಂದರೂ ಕೋಲು ಬಿಡೆ

ಊದುವ ತಾಕತ್ತು ಹೋದವನೇ ಬ್ಯಾಂಡ್ ಮಾಸ್ತರನಾಗುತ್ತಾನೆ ಎಂದು ನಮ್ಮ ರೋಣದ ಕಡೆ ಕೆಲವರು ಆಡಿಕೊಳ್ಳುತ್ತಾರೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಎದುರಿನವನು ನಿಮ್ಮಲ್ಲಿ ಯಾವ ಕೊರತೆ ಹುಡುಕಲು ಬಂದಿದ್ದಾನೋ ಅದನ್ನು ನೀವೇ ಮೊದಲು ಹೇಳಿಬಿಡಬೇಕು. ಆಮೇಲೆ ಅವನಿಗೆ ಆಡಲು ಮಾತು ಉಳಿಯುವುದಿಲ್ಲ. ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಮದುವೆ ಮನೆಗಳ ಪಡಸಾಲೆಯಲ್ಲಿ ಕೂತು ಕಲಿತದ್ದು. ಬೇಕಾದವರು ಬಳಸಿಕೊಳ್ಳಬಹುದು. ಆದ್ದರಿಂದ ಹೇಳಿಬಿಡುತ್ತೇನೆ: ಇಪ್ಪತ್ತೆರಡು ವರ್ಷದಿಂದ ನನಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ನಾನು ಮಾಸ್ತರನಾದದ್ದು ಅದೇ ಕಾರಣಕ್ಕೆ.

ಅದಕ್ಕಿಂತ ಮೊದಲು ನಾನು ಟ್ರಂಪೆಟ್ಟಿನವನು. ಯಾವಗಲ್ ಊರಿನ ಒಂದು ಮದುವೆಗೆ ಬ್ಯಾಂಡಿನವರೆಲ್ಲ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೊರಟಿದ್ದೆವು. ಹೊಸ ಹಾಡು ಇನ್ನೂ ಬಾಯಿಗೆ ಕೂತಿರಲಿಲ್ಲವಾಗಿ ನಾನು ನಿಂತುಕೊಂಡೇ ಊದಿ ರೂಢಿ ಮಾಡುತ್ತಿದ್ದೆ. ಹಾದಿಗೆ ಎಮ್ಮೆಯೊಂದು ಅಡ್ಡ ಬಂತು. ಟ್ರ್ಯಾಕ್ಟರ್ ಗಕ್ಕನೆ ನಿಂತಿತು, ಟ್ರಂಪೆಟ್ ನಿಲ್ಲಲಿಲ್ಲ. ಎರಡು ಹಲ್ಲು ಅಲ್ಲಿಯೇ ಹೋದವು. ಎಮ್ಮೆ ತಿರುಗಿ ಸಹ ನೋಡಲಿಲ್ಲ. ಬಾಯಿಗೆ ಅರಿವೆ ಒತ್ತಿಕೊಂಡು ಯಾವಗಲ್ಲಿನಲ್ಲಿ ಇಳಿದಾಗ ನನಗಿದ್ದ ಚಿಂತೆ ನೋವಿನದಲ್ಲ. ಊದದವನಿಗೆ ಬ್ಯಾಂಡಿನಲ್ಲಿ ಏನು ಕೆಲಸ? ಅಲ್ಲಿಯೇ ಬಣವೆಯಿಂದ ಒಂದು ಹತ್ತಿಕಟ್ಟಿಗೆ ಎಳೆದುಕೊಂಡು ಎಲ್ಲರ ಮುಂದೆ ನಿಂತು ಬೀಸತೊಡಗಿದೆ. ಹೆಣ್ಣಿನ ತಂದೆ, "ಇವರ್ಯಾರ್ರೀ?" ಎಂದು ಕೇಳಿದರು. ನಮ್ಮ ಬ್ಯಾಂಡಿನ ಯಜಮಾನರು ಏನು ಹೇಳಬೇಕೋ ತಿಳಿಯದೆ, "ಇವರು ಮಾಸ್ತರ್ರು" ಅಂದರು. ಹೆಣ್ಣಿನ ತಂದೆ ನನಗೆ ಕೈಮುಗಿದರು. ಕೈಮುಗಿಸಿಕೊಂಡ ಮೇಲೆ ಮತ್ತೆ ಸಾಲಿಗೆ ಹೋಗಿ ನಿಲ್ಲುವಷ್ಟು ದಡ್ಡ ನಾನಲ್ಲ.

ಅಂದಿನಿಂದ ಕೋಲು ನನ್ನದು. ಮುಂದೆ ಬ್ಯಾಂಡೂ ನನ್ನದಾಯಿತು. ಮಾಸ್ತರನೆಂದರೆ ಬರಿದೆ ಕೈ ಆಡಿಸುವವನೆಂದು ತಿಳಿದವರು ಒಮ್ಮೆ ನರಗುಂದದ ಬಜಾರಿನಲ್ಲಿ ಹಿಂದು ಹಿಂದಾಗಿ ನಡೆದು ನೋಡಲಿ. ನನ್ನ ಮುಖ ಬ್ಯಾಂಡಿಗೆ, ಬೆನ್ನು ರಸ್ತೆಗೆ. ಬೆನ್ನ ಹಿಂದೆ ಬಸ್ಸು ಬಂತೋ ಹೋರಿ ಬಂತೋ ಊದುವವರ ಕಣ್ಣಿನಲ್ಲೇ ಓದಿಕೊಳ್ಳಬೇಕು. ಮೂರು ತಾಲೂಕಿನ ಓಣಿಗಳೆಲ್ಲ ನನ್ನ ಬೆನ್ನಿಗೆ ಬಾಯಿಪಾಠ. ಹನ್ನೆರಡು ಮಂದಿಯ ಕಣ್ಣು ಸದಾ ನನ್ನ ಮೇಲೆಯೇ ಇರುತ್ತದೆಂಬ ಹೆಮ್ಮೆಯೂ ನನಗಿತ್ತು.

ಇಷ್ಟರಲ್ಲಿ ನರಗುಂದದ ಶಾಲೆಯಲ್ಲಿ ಮಾಸ್ತರಿಕೆ ಮಾಡುವ ನನ್ನ ಮಗಳು ನನಗೆ ಹಲ್ಲು ಕಟ್ಟಿಸುವ ಹಟ ಹಿಡಿದಳು. ಅವಳಿಗೆ ಅವಳ ತಾಯಿಯ ಬೆಂಬಲ. "ಬೀಗರು ಬಂದ್ರ ಬಾಯಿ ಮುಚ್ಕೊಂಡು ಕುಂದರ್ತೀರಿ. ಮಂದಿ ಇವರಿಗೆ ಸೊಕ್ಕು ಬಂದೈತಿ ಅಂತಾರ" ಎಂದಳು ನನ್ನ ಹೆಂಡತಿ. "ಸೊಕ್ಕು ಇರೋದು ಖರೇನ ಐತಿ" ಎಂದೆ. ಇಬ್ಬರೂ ಕೇಳಲಿಲ್ಲ. ರಾತ್ರಿ ಕಳಚಿಡುವಂಥ ಹಲ್ಲು ಬಂದವು. ಕಟಕರೊಟ್ಟಿಯನ್ನು ಸಾರಿನಲ್ಲಿ ನೆನೆಸದೆ ಕಡಿದಾಗ ಆದ ಸಪ್ಪಳ ಕೇಳಿ ನನಗೇ ಕಣ್ಣು ತುಂಬಿಬಂತು. ನಾಲ್ಕು ದಿನ ಸುಖವಾಗಿದ್ದೆ. ಐದನೆಯ ದಿನ ಮೈಲಾರಿ ಬಂದ. ಇವನು ನನ್ನ ಅಣ್ಣನ ಮಗ, ಬ್ಯಾಂಡಿನಲ್ಲಿ ಕಂಚಿನ ತಾಳ ಬಾರಿಸುತ್ತಾನೆ.

"ಕಾಕಾ, ಒಮ್ಮೆ ನಗ್ರಿ ನೋಡೂಣು."

ನಕ್ಕೆ. ನಗಬಾರದಾಗಿತ್ತು.

"ಭಾಳ ಚಲೋ ಆತು ಬಿಡ್ರಿ. ಟ್ರಂಪೆಟ್ಟಿನ ಹನುಮಂತ ಬ್ಯಾಂಡ್ ಬಿಟ್ಟು ಚಾದಂಗಡಿ ಹಾಕ್ಯಾನ. ಗಜೇಂದ್ರಗಡದ ಮದುವ್ಯಾಗ ನೀವ ಊದ್ರಿ. ಕೋಲು ನಾ ಹಿಡೀತೀನಿ."

"ಕೋಲಂದ್ರ ಏನ್ ಎಲಿ-ಅಡಕಿ ಏನೋ, ಯಾರ ಕೈಗೆ ಬೇಕಾದ್ರೂ ಕೊಡಾಕ?"

"ಅಲ್ರಿ ಕಾಕಾ, ಹಲ್ಲಿಲ್ಲಂತ ಕೋಲು ಹಿಡದೇನಿ ಅಂತ ಊರ ಮಂದಿಗೆಲ್ಲ ನೀವ ಹೇಳ್ತಿದ್ರಿ. ಈಗ ಹಲ್ಲು ಬಂದಾವಲ್ಲ?"

"ಡಾಕ್ಟರ್ರು ಊದಬ್ಯಾಡ ಅಂದಾರ."

ಒಳಗಿನಿಂದ ಹೆಂಡತಿಯ ದನಿ ಬಂತು: "ಯಾವಾಗ ಅಂದ್ರ್ರೀ? ನಾನೂ ಅಲ್ಲೇ ಇದ್ನಲ್ಲ. ಊದ್ರಿ, ಹಾಡ್ರಿ, ಏನ್ ಬೇಕಾದ್ರೂ ಮಾಡ್ರಿ ಅಂದ್ರು."

ಮನೆಯವರು ಎದುರಿನ ಪಕ್ಷದಲ್ಲಿದ್ದಾಗ ವ್ಯವಹಾರವನ್ನು ಎಳೆಯಬಾರದು, ಸಣ್ಣದು ಮಾಡಿ ಮುಗಿಸಬೇಕು. "ಒಂದ ದಿನ" ಎಂದೆ. ಆದರೆ ಒಂದು ದಿನ ಕೊಟ್ಟ ಕೋಲು ಎರಡನೆಯ ದಿನ ಹಿಂದಕ್ಕೆ ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಗಜೇಂದ್ರಗಡದಲ್ಲಿ ನಮ್ಮನ್ನು ಕರೆಸಿದವರು ವರನ ಸೋದರಮಾವ, ದೊಡ್ಡ ಸೀರೆ ವ್ಯಾಪಾರಿ. ಬಿಸಿಲು ಆಗಲೇ ಏರಿತ್ತು. ನಾನು ಮುಂದಿನ ಸಾಲಿನಲ್ಲಿ ಟ್ರಂಪೆಟ್ ಹಿಡಿದು ನಿಂತೆ. ತುಟಿಗೆ ಹಳೆಯ ನೆನಪಿತ್ತು, ಚೆನ್ನಾಗಿಯೇ ಊದಿದೆ. ಎದುರಿಗೆ ಮೈಲಾರಿ ಕೋಲು ಬೀಸುತ್ತಿದ್ದ. ಬೀಸುತ್ತಿದ್ದನೆಂದರೆ, ಒಂದು ಕೈಯಲ್ಲಿ ಮೊಬೈಲು ಹಿಡಿದು ತನ್ನದೇ ವಿಡಿಯೋ ಮಾಡಿಕೊಳ್ಳುತ್ತ, ಇನ್ನೊಂದು ಕೈಯಿಂದ ನೊಣ ಓಡಿಸಿದಂತೆ ಆಡಿಸುತ್ತಿದ್ದ. ಈಗ ಬ್ಯಾಂಡು ದಿಕ್ಕೆಡುತ್ತದೆ, ಈಗ ಕೆಡುತ್ತದೆ ಎಂದು ಕಾದೆ. ಕೆಡಲಿಲ್ಲ. ಒಂದು ಹಾಡು ಮುಗಿದಾಗ ಪಕ್ಕದ ಟ್ರಂಬೋನಿನ ಫಕೀರಪ್ಪನಿಗೆ, "ಆ ಕೋಲು ನೋಡಿ ಹ್ಯಾಂಗ್ ನುಡಸ್ತೀರೋ ಮಾರಾಯಾ?" ಎಂದೆ.

"ಕೋಲು ಯಾರ್ ನೋಡ್ತಾರ್ರೀ?" ಎಂದ ಫಕೀರಪ್ಪ, ತುಟಿ ಒರೆಸಿಕೊಳ್ಳುತ್ತ. "ದೊಡ್ಡ ಡ್ರಮ್ಮಿನ ದ್ಯಾಮಣ್ಣನ ಮೊಣಕೈ ನೋಡ್ರಿ. ಇಲ್ಲಂದ್ರ ತಪ್ಪತೀರಿ."

ಯಾರೊಡನೆ ಮಾತಾಡುತ್ತಿದ್ದೇನೆಂಬುದು ಅವನಿಗೆ ನೆನಪಾದದ್ದು ಆಮೇಲೆ. ಅಷ್ಟರಲ್ಲಿ ಮುಂದಿನ ಹಾಡು ಶುರುವಾಯಿತು. ನೋಡಿದೆ. ಉಳಿದ ಎಲ್ಲರ ಕಣ್ಣುಗಳೂ ಓರೆಯಾಗಿ ದ್ಯಾಮಣ್ಣನ ಮೊಣಕೈಯ ಮೇಲಿದ್ದವು. ಅವನ ಮೊಣಕೈ ಏರಿದರೆ ಬ್ಯಾಂಡು ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಇಪ್ಪತ್ತೆರಡು ವರ್ಷ ನಾನು ಗಾಳಿ ಹಾಕಿದ್ದೆ, ಅಷ್ಟೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಯೇ ಮನಸ್ಸು ಮುರಿದು ಟ್ರಂಪೆಟ್ಟನ್ನೇ ಗಟ್ಟಿ ಹಿಡಿಯುತ್ತಿದ್ದರು. ನಾನು ಸಮಯ ಕಾದೆ.

ಸಮಯ ಬಂತು. ಮೆರವಣಿಗೆ ಮಂಟಪದ ಬಾಗಿಲಿಗೆ ಮುಟ್ಟಿದಾಗ ಸೀರೆ ವ್ಯಾಪಾರಿ, "ತಮ್ಮಾ, ಇನ್ನೊಂದ್ ಸುತ್ತು ಬಜಾರಕ್ಕ ಹೋಗಿ ಬರೂಣು" ಎಂದರು. ಮೈಲಾರಿ "ಹೂಂನ್ರಿ" ಎಂದ. ಆ ಸುತ್ತು ಮುಗಿಯಿತು. "ನಮ್ಮ ಅಂಗಡಿ ಮುಂದೊಂದ್ ಸಲ." "ಹೂಂನ್ರಿ." "ನಮ್ಮ ಅಕ್ಕನ ಮನಿ ಮುಂದ?" "ಹೂಂನ್ರಿ." "ಗುಡಿ ಮುಂದೊಂದ್ ಸಲ?" "ಹೂಂನ್ರಿ." ಮೈಲಾರಿಗೆ ತಾಳ ಬಾರಿಸುವುದು ಬರುತ್ತದೆ, ವಿಡಿಯೋ ಬರುತ್ತದೆ, "ಇಲ್ಲ" ಎನ್ನುವುದು ಬರುವುದಿಲ್ಲ. ಎಲ್ಲರ ತುಟಿಗಳೂ ಮಿರ್ಚಿ ಭಜಿಯಂತೆ ಉಬ್ಬಿದವು. ಫಕೀರಪ್ಪ ಊದುತ್ತಲೇ ನನ್ನತ್ತ ಕಣ್ಣು ಬಿಟ್ಟ. ದ್ಯಾಮಣ್ಣನ ಮೊಣಕೈ ಕೂಡ ಕುಂಟತೊಡಗಿತು. ಬಾಯಿ ತೆರೆಯಬಹುದಿತ್ತು, ತೆರೆಯಲಿಲ್ಲ. ಬೆಲೆ ಏರುತ್ತಿರುವಾಗ ಸರಕು ಮಾರುವವನು ಮೂರ್ಖ.

"ಇನ್ನೊಂದ ಒಂದು ಸುತ್ತು" ಎಂದು ವ್ಯಾಪಾರಿ ಐದನೆಯ ಸಲ ಅಂದಾಗ ನಾನು ಆಚೆ ಮುಖ ತಿರುಗಿಸಿ ಹಲ್ಲು ಕಳಚಿ ಕೋಟಿನ ಕಿಸೆಗೆ ಹಾಕಿಕೊಂಡೆ. ನೇರ ಅವರ ಮುಂದೆ ಹೋಗಿ ಬಾಯಿ ತೆರೆದು ತೋರಿಸಿದೆ.

"ಸಾವ್ಕಾರ್ರ, ನೋಡ್ರಿ. ಮುಂಜಾನಿ ಬಂದಾಗ ಹಲ್ಲು ಇದ್ವಲ್ರಿ?"

"ಇದ್ವು! ಎಲ್ಲಿ ಹೋದ್ವೋ ಮಾಸ್ತರ?"

"ನಾಲ್ಕ ಸುತ್ತಿನ್ಯಾಗ ಇಷ್ಟು ಹೋಗ್ಯಾವ. ಐದನೇದಕ್ಕ ಉಳಿದವ್ರದು ಏನಾಕ್ಕತಿ, ದೇವರ ಬಲ್ಲ. ನೀವು ಹೂಂ ಅನ್ರಿ, ಹೊಡಿತೀವಿ."

"ಶಿವಶಿವಾ! ಸಾಕೋ ಮಾರಾಯಾ, ನಿಲ್ಲಸ್ರಿ! ಮೊದಲ ಪಂಕ್ತಿಗೇ ಊಟಕ್ಕ ಕುಂದರ್ರಿ!"

ಮೈಲಾರಿಯ ಕೈಯಿಂದ ಕೋಲು ತೆಗೆದುಕೊಂಡು ಒಂದೇ ಸಲ ಕೆಳಗಿಳಿಸಿದೆ. ಬ್ಯಾಂಡು ನಿಂತಿತು. ಆ ಒಂದು ಸಲ ಎಲ್ಲರೂ ಕೋಲನ್ನೇ ನೋಡಿದರು, ಆಣೆ ಮಾಡಿ ಹೇಳುತ್ತೇನೆ. ಎಲೆಯ ಮುಂದೆ ಕೂತಾಗ ಫಕೀರಪ್ಪ, "ಮಾಸ್ತರ, ಸಾಯೂತನಾ ಕೋಲು ನಿಮ್ದ" ಎಂದ. ಮೈಲಾರಿ ಕೂಡ ಉಬ್ಬಿದ ತುಟಿಗಳನ್ನು ನೋಡಿ ತಲೆ ತಗ್ಗಿಸಿದ. ನನಗೆ ಮಾತ್ರ ಗೋಧಿ ಹುಗ್ಗಿಯಲ್ಲೇ ಊಟ ಮುಗಿಯಿತು. ಸೀರೆ ವ್ಯಾಪಾರಿ ಕರುಣೆಯಿಂದ ನನ್ನ ಎದುರಿಗೇ ನಿಂತು ಬಡಿಸುತ್ತಿದ್ದರು. ಕಿಸೆಗೆ ಕೈ ಹಾಕುವಂತಿರಲಿಲ್ಲ.

ಈಗ ಮನೆಯಲ್ಲಿ ಹಲ್ಲು, ಮದುವೆಯಲ್ಲಿ ಕೋಲು ಎಂದು ತೀರ್ಮಾನ ಮಾಡಿದ್ದೇನೆ. ಟ್ರಂಪೆಟ್ಟಿಗೆ ಬೇರೊಬ್ಬನನ್ನು ಹುಡುಕಿದ್ದಾಯಿತು. ಯಾರು ನೋಡಲಿ ಬಿಡಲಿ, ಬೀಸುವವನು ನಾನೇ. ಒಂದೇ ಒಂದು ಸಣ್ಣ ತಿದ್ದುಪಡಿ ಮಾಡಿಕೊಂಡಿದ್ದೇನೆ, ಅದನ್ನು ನಿಮಗಷ್ಟೇ ಹೇಳುತ್ತಿದ್ದೇನೆ: ಬೀಸುವಾಗ ಈಗ ನಾನೂ ಓರೆಗಣ್ಣಿನಿಂದ ದ್ಯಾಮಣ್ಣನ ಮೊಣಕೈಯನ್ನೇ ನೋಡುತ್ತೇನೆ. ಮೊನ್ನೆ ಇಟಗಿಯಲ್ಲಿ ಮದುವೆ ಮುಗಿಸಿ ಬರುವಾಗ ದ್ಯಾಮಣ್ಣ, "ಮಾಸ್ತರ, ಈಗೀಗ ನಿಮ್ಮ ಕೈ ತಾಳಕ್ಕ ಭಾಳ ಚಲೋ ಬೀಳಾಕತ್ತೈತಿ" ಎಂದ.

"ಅನುಭವ, ದ್ಯಾಮಣ್ಣ" ಎಂದೆ. "ಇಪ್ಪತ್ತೆರಡು ವರ್ಷದ ಅನುಭವ."