ಮಾಮಾ ಸಾಕಿದ ತೋಳ

ನಮ್ಮ ಸೋದರಮಾವ ಶಾಲೆಯಲ್ಲಿ ತೋಳ ಸಾಕಿದ್ದಾರೆ ಎಂದರೆ ನಂಬುತ್ತೀರಾ? ಬೇಡ ಬಿಡಿ, ನನ್ನ ಹೆಂಡತಿಯೂ ನಂಬಲಿಲ್ಲ!

ಮಾಮಾ ಮಹಾರಾಷ್ಟ್ರದ ಜತ್ತ ತಾಲೂಕಿನ ಒಂದು ಕನ್ನಡ ಶಾಲೆಯ ಮಾಸ್ತರರು. ಪಿ.ಟಿ. ತಾಸು ಎಂದರೆ ಅವರಿಗೆ ಪ್ರಾಣ. ಆದರೆ ಎರಡು ವರ್ಷದಿಂದ ಮೊಣಕಾಲು ಕೈಕೊಟ್ಟಿವೆ. ಇದು ಹೆಡ್‌ಮಾಸ್ತರರಿಗೆ ತಿಳಿದರೆ ಆ ತಾಸು ಬೇರೆಯವರ ಪಾಲಾಗುತ್ತದೆಂಬ ಹೆದರಿಕೆಯಿಂದ ಗುಟ್ಟು ಮಾಡಿದ್ದರು. ನೋವು ತಡೆಯದೆ ಮೆಟ್ಟಿಲ ನಡುವೆ ನಿಂತು ಮೋಡ ನೋಡುವ ನಾಟಕ ಬೇರೆ! ನಮ್ಮ ಕಡೆ ಮೋಡ ಎಲ್ಲಿಂದ ಬರಬೇಕು ಸ್ವಾಮಿ?

ಅಷ್ಟರಲ್ಲಿ ಶಾಲೆಗೆ ಟ್ಯಾಬ್ ಬಂತು. ಮೈದಾನದ ಕಡೆ ಹಿಡಿದರೆ ಪರದೆಯಲ್ಲಿ ಅದೇ ಮೈದಾನ, ಅವೇ ಮಕ್ಕಳು. ನಡುವೆ ಇಲ್ಲದ ಹಳ್ಳ, ಇಲ್ಲದ ಬೇಲಿ, ಬೆನ್ನಟ್ಟಲು ಇಲ್ಲದ ತೋಳ! ಹೇಗೆ ಜಿಗಿಯಬೇಕೆಂದು ತೋರಿಸಲು ಒಬ್ಬ ಬೊಂಬೆ ಮನುಷ್ಯ. ತಾವು ಜಿಗಿಯುವುದು ತಪ್ಪಿತೆಂದು ಮಾಮಾನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಒಂದು ದಿನ ಮೈದಾನದ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ಬಂದು ಇಣುಕಿದ. ಪರದೆಯಲ್ಲಿ ತನ್ನ ಕುರಿಗಳ ಪಕ್ಕದಲ್ಲೇ ತೋಳ! "ಹೋಯ್!" ಎಂದು ಕಂಬಳಿ ಬೀಸುತ್ತ ಓಡಿದವನು ಮೂರು ಸಲ ಕುರಿ ಎಣಿಸಿದ.

"ಅಜ್ಜಾ, ಅದು ಖರೇ ತೋಳ ಅಲ್ಲ," ಎಂದರು ಮಾಮಾ.

"ನಿಮಗ ಗೊತ್ತದರಿ ಗುರೂಜಿ, ಕುರಿಗೆ ಗೊತ್ತದೇನು?"

ಮರುದಿನ ನಾಯಿಯನ್ನೇ ಕರೆತಂದ. "ಇದಕ್ಕೂ ಒಮ್ಮಿ ತೋರಸ್ರಿ, ವಾಸನಿ ಹಿಡೀಲಿ." ನಾಯಿ ಪರದೆಯ ಮೇಲಿನ ತೋಳವನ್ನು ಪ್ರೀತಿಯಿಂದ ನೆಕ್ಕಿತು.

ಮುಂದಿನ ವಾರ ತಪಾಸಣೆಗೆ ಸುತ್ತಲಿನ ಶಾಲೆಗಳ ಮೇಲಧಿಕಾರಿ, ಕೇಂದ್ರ ಪ್ರಮುಖರು ಬಂದರು. ಮಾಮಾನ ಪ್ರತಾಪ ನೋಡಲು ನಾನೂ ಹೋಗಿದ್ದೆ. ಬಿಸಿಲಿಗೆ ಕಾದು ಟ್ಯಾಬ್ ಬಂದ್ ಆಗಿಬಿಟ್ಟಿತು.

"ಹೋಗ್ಲಿ ಬಿಡ್ರಿ ಗುರೂಜಿ, ನೀವೇ ಒಮ್ಮಿ ಜಿಗದು ತೋರಸ್ರಿ," ಎಂದರು ಸಾಹೇಬರು.

ಹೆಡ್‌ಮಾಸ್ತರರು ಪಕ್ಕದಲ್ಲೇ ಇದ್ದರು. ಮಾಮಾನ ಮುಖ ನನ್ನಿಂದ ನೋಡಲಾಗಲಿಲ್ಲ.

ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದಳು. "ಗುರೂಜಿ ನಿನ್ನಿನೇ ಜಿಗದು ತೋರಸ್ಯಾರ್ರಿ. ಇವತ್ತ ನಮ್ಮ ಪಾಳಿ." ಎಂಥ ಹಸಿ ಸುಳ್ಳು! ಹೇಳಿದವಳೇ ಓಡಿ ಜಿಗಿದಳು. ಹಿಂದೆ ಇಡೀ ವರ್ಗ ಜಿಗಿಯಿತು. ಸಾಹೇಬರು ಖುಷಿಯಾಗಿ ಹೋದರು.

"ಸುಳ್ಳ ಯಾಕ ಹೇಳ್ದಿ?" ಮಾಮಾ ಗದರಿದರು.

"ನಿಮ್ಮ ಮೊಣಕಾಲ ಬ್ಯಾನಿ ನಮಗೆಲ್ಲಾರಿಗೂ ಗೊತ್ತದರಿ. ಪಿ.ಟಿ.ಗೆ ಬ್ಯಾರೆ ಗುರೂಜಿ ಬ್ಯಾಡ್ರಿ ನಮಗ."

ಹಿಂದೆ ನಿಂತಿದ್ದ ಹೆಡ್‌ಮಾಸ್ತರರಿಗೂ ಅದು ಕೇಳಿಸಿತು. ಮಾಮಾ ಕೈಕಟ್ಟಿ ನಿಂತರು. ಹೆಡ್‌ಮಾಸ್ತರರು ಆಫೀಸಿಗೆ ಹೋದರು. ತಮ್ಮ ಕುರ್ಚಿಯನ್ನು ತಾವೇ ಹೊತ್ತು ತಂದು ಮೈದಾನದ ನಡುವೆ ಇಟ್ಟರು.

"ಕುಂದ್ರಿ ಗುರೂಜಿ. ಕುಂತೇ ಕಲಸ್ರಿ, ತಾಸ ನಿಮ್ಮದೇ."