ಸ್ಕಾಟ್ಲೆಂಡಿನ ಮಾನ ಕಾಯುವ ಹುಬ್ಬಳ್ಳಿಯ ಅತ್ತೆ

ಸ್ಕಾಟ್ಲೆಂಡಿನ ಮಾನಮರ್ಯಾದೆ ಕಾಪಾಡುವ ಹೊಣೆ ಸದ್ಯಕ್ಕೆ ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳ ಹೆಗಲ ಮೇಲಿದೆ. ಆಕೆ ನನ್ನ ಸೋದರತ್ತೆ. ಈ ಸಂಗತಿ ಸ್ಕಾಟ್ಲೆಂಡಿಗೆ ಇನ್ನೂ ಗೊತ್ತಿಲ್ಲ, ಅಷ್ಟೇ!

ಅತ್ತೆ ಇರುವುದು ಅಮೆರಿಕದ ಸ್ಯಾನ್ ಮಟಿಯೋದಲ್ಲಿ. ಮದುವೆಯಾದದ್ದು ಸ್ಕಾಟಿಷ್ ಹೆಸರಿನ ಅಮೆರಿಕನ್ ಒಬ್ಬರನ್ನು. ಮಾವ ಸ್ಕಾಟ್ಲೆಂಡನ್ನು ಕಣ್ಣಿಂದ ನೋಡಿದವರಲ್ಲ. ಅಲ್ಲಿಂದ ಅವರಿಗೆ ಬಂದದ್ದು ಹೆಸರೊಂದೇ. ಅವರು ತಿನ್ನುವ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಆಡುವ ಕನ್ನಡ ಎಲ್ಲವೂ ಹುಬ್ಬಳ್ಳಿಯವು. ಸ್ಕಾಟಿಷ್ ಹುಚ್ಚು ಪೂರ್ತಿ ಅತ್ತೆಯದು. ಮಾವನ ಕುಲದವರ ಸಂಘಕ್ಕೆ ಅವಳೇ ಕಾರ್ಯದರ್ಶಿ. ಇಳಕಲ್ ಸೀರೆ, ಹೆಗಲ ಮೇಲೆ ಚೌಕುಳಿಯ ಉಣ್ಣೆ ಪಟ್ಟಿ, ಅದಕ್ಕೊಂದು ಬೆಳ್ಳಿ ಬಿಲ್ಲೆ!

ಆ ಬಿಲ್ಲೆಯ ಶಾಸ್ತ್ರವನ್ನು ನಾನು ಕೇಳಿರುವಷ್ಟು ಸಲ ಸತ್ಯನಾರಾಯಣನ ಕಥೆಯನ್ನೂ ಕೇಳಿಲ್ಲ. "ಮನೆತನದ ಲಾಂಛನ ಅನ್ನೋದ ಇಲ್ಲೋ ಅಲ್ಲೆ! ಗುರಾಣಿ ಕುಲದ ಯಜಮಾನಂದು, ಅವನೊಬ್ಬಂದ. ಉಳದವರು ಅವನ ಶಿರಸ್ತ್ರಾಣದ ಮ್ಯಾಲಿನ ಗುರುತಿಗೆ ಸುತ್ತಲೂ ಬೆಲ್ಟು ಬಕಲು ಬರದು ಹಾಕ್ಕೋಬೇಕು. ನಾವು ಮಾಲಕರಲ್ಲ, ಅವನ ಮಂದಿ ಅಂತ ಅದರ ಅರ್ಥ."

ಇದನ್ನೇ ಅವಳು ವಾಲ್ನಟ್ ಕ್ರೀಕಿನ ಅಂಗಡಿಯೊಂದರಲ್ಲಿ ಮಾರುವ ಹುಡುಗಿಗೂ ಹೇಳಿದಳು. ಯಾವ ಹೆಸರು ಕೊಟ್ಟರೂ ಲಾಂಛನ ಹುಡುಕಿ ಕಾಫಿ ಮಗ್ಗಿನ ಮೇಲೆ ಅಚ್ಚು ಹಾಕಿಕೊಡುವ ಅಂಗಡಿ ಅದು. ಪಾಠ ಅರ್ಧ ಗಂಟೆ ನಡೆಯಿತು. ಅಷ್ಟೂ ಹೊತ್ತು ನಾನು ಒಂದು ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೆ. ಅತ್ತೆ ಬರುವ ಮೊದಲೇ ನಾನೊಂದು ಮಗ್ಗು ಮಾಡಿಸಿ ಆಗಿತ್ತು! ಅಡ್ಡಹೆಸರೆಂದು ನಾನು ಬರೆಯುವುದು ಅಪ್ಪನ ಹೆಸರು. ಉಳ್ಳಾಗಡ್ಡಿಯನ್ನೂ ಮುಟ್ಟದ ನಮ್ಮಪ್ಪನ ಹೆಸರಿಗೆ ಆ ಕಂಪ್ಯೂಟರು ಮೂರು ಕಾಡುಹಂದಿಗಳನ್ನು ದಯಪಾಲಿಸಿತ್ತು.

ಇನ್ನೊಮ್ಮೆ ಸನ್ನಿವೇಲ್ ದೇವಸ್ಥಾನದಲ್ಲಿ ನನ್ನ ಗೆಳೆಯನೊಬ್ಬ ಸಿಂಹ, ಗುರಾಣಿ ಎಲ್ಲ ಇದ್ದ ಟೀ ಶರ್ಟು ಹಾಕಿಕೊಂಡು ಪ್ರದಕ್ಷಿಣೆ ಹಾಕುತ್ತಿದ್ದ. "ಯಾರದೋ ಇದು?" ಎಂದಳು ಅತ್ತೆ. "ಸೇಲಲ್ಲಿ ಸಿಕ್ತು ಆಂಟಿ" ಎಂದ ಪಾಪ. ಅತ್ತೆ ತನ್ನ ಶಾಲನ್ನು ಅವನಿಗೆ ಹೊದಿಸಿ ಸಿಂಹವನ್ನು ಮುಚ್ಚಿಬಿಟ್ಟಳು. ಯಾರಿಗೋ ಸನ್ಮಾನವೆಂದುಕೊಂಡು ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಅವನು ಆ ಶಾಲನ್ನು ಇನ್ನೂ ವಾಪಸು ಕೊಟ್ಟಿಲ್ಲ.

ಇಂಥ ಅತ್ತೆ ಈ ವರ್ಷ ಕಂಗಾಲಾಗಿದ್ದಳು. ಇಲ್ಲಿ ವರ್ಷಕ್ಕೊಮ್ಮೆ ಸ್ಕಾಟಿಷ್ ಆಟಗಳ ಜಾತ್ರೆ ನಡೆಯುತ್ತದೆ. ಒಂದೊಂದು ಕುಲಕ್ಕೆ ಒಂದೊಂದು ಡೇರೆ. ಮೈದಾನದಲ್ಲಿ ಕುಲದ ಹೆಸರು ಕೂಗಿದಾಗ ಆ ಕುಲದವರು ಓಗೊಡಬೇಕು. ಯಾರೂ ಓಗೊಡದಿದ್ದರೆ ಮುಂದಿನ ವರ್ಷ ಡೇರೆ ಇಲ್ಲ. ಮಾವನ ಕುಲದ ಹಳಬರಲ್ಲಿ ಕೆಲವರು ತೀರಿಕೊಂಡಿದ್ದರು, ಉಳಿದವರು ಊರು ಬಿಟ್ಟಿದ್ದರು. "ನೀನ ಮಂದಿ ಕರಕೊಂಡು ಬಾ. ಹಳೇ ಬ್ಯಾನರ್ ಹರದದ, ಹೊಸಾದು ಮಾಡಿಸು. ಇಷ್ಟಾದರೂ ನಿನ್ನ ಕೈಲೆ ಆದೀತೇನು?" ಎಂದು ಕೇಳಿದಳು.

ಆಗದೇನು? ನಾನು ಆಫೀಸಿನಲ್ಲಿ ಆರ್ಕಿಟೆಕ್ಟು! ಊಟದ ಆಸೆ ತೋರಿಸಿ ಹುಬ್ಬಳ್ಳಿ-ಧಾರವಾಡದ ಏಳೆಂಟು ಸಂಸಾರಗಳನ್ನು ಒಪ್ಪಿಸಿದೆ. ಇಂಟರ್ನೆಟ್ಟಿನಲ್ಲಿ ಆ ಕುಲದ ಹೆಸರಿಗೆ ಸಿಕ್ಕವುಗಳಲ್ಲಿ ಎಲ್ಲಕ್ಕಿಂತ ಭರ್ಜರಿಯಾಗಿದ್ದ ಬ್ಯಾನರನ್ನು ಆರಿಸಿ ಮಾಡಿಸಿದೆ. ಜಾತ್ರೆಯ ಬೆಳಿಗ್ಗೆ ಸ್ಕಾಟಿಷ್ ಗಂಡಸರ ಲಂಗವಾದ ಕಿಲ್ಟು ತೊಟ್ಟು, ಗಾಳಿಗೆ ಹೆದರಿ ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದುಕೊಂಡೇ ಬ್ಯಾನರು ಬಿಚ್ಚಿಸಿದೆ. ಎರಡು ಜಿಂಕೆ, ನಡುವೆ ಗುರಾಣಿ, ಮೇಲೆ ಶಿರಸ್ತ್ರಾಣ. ಬೆಲ್ಟೂ ಇಲ್ಲ, ಬಕಲೂ ಇಲ್ಲ!

"ಇದು ಯಜಮಾನಂದು!" ಅತ್ತೆ ಕಿರುಚಿದಳು. "ಮಂದಿ ತಾಳಿ ತಂದು ನನ್ನ ಕೊಳ್ಳಿಗೆ ಕಟ್ಟತೀಯೇನೋ, ಖೋಡಿ!"

"ಡ್ಯಾಡ್, ಇಟ್ಸ್ ಐಡೆಂಟಿಟಿ ಥೆಫ್ಟ್" ಎಂದಳು ನನ್ನ ಮಗಳು. ಮನೆಯಲ್ಲಿ ಬೆಳೆಸಿದ ಗಿಣಿಯೇ ಕುಕ್ಕಿದರೆ ಯಾರಿಗೆ ಹೇಳೋಣ?

"ಇಲ್ಲಿ ಯಾರಿಗ್ ಗೊತ್ತಾಗ್ತದ ಅತ್ಯಾ?" ಎಂದು ನಾನು ಹೇಳಬಾರದಿತ್ತು. ಆಮೇಲಿನ ಒಂದು ತಾಸು ಆಕೆ ನನ್ನನ್ನು ಬೈದ ರೀತಿಗೆ ಪಕ್ಕದ ಡೇರೆಯವರು ಬ್ಯಾಗ್‌ಪೈಪು ಊದುವುದನ್ನು ನಿಲ್ಲಿಸಿ ಕೇಳಿದರು. ಕೊನೆಗೆ ಅವಳ ಗಂಟಲೇ ಕಟ್ಟಿಹೋಯಿತು. ಸುಳ್ಳು ಬ್ಯಾನರಿಗಿಂತ ಬರಿಗೋಲೇ ವಾಸಿಯೆಂದು ಸನ್ನೆಯಲ್ಲೇ ತೀರ್ಪಾಯಿತು. ನಾನು ಖಾಲಿ ಕೋಲು ಹಿಡಿದು ಮೈದಾನದಲ್ಲಿ ನಿಂತೆ.

ನನಗೂ ಸಿಟ್ಟು ಬಂದಿತ್ತು. ಪಕ್ಕದಲ್ಲಿದ್ದ ಮಾವನಿಗೆ, "ಮಾಮಾ, ನಿಮಗ ಬ್ಯಾಡಾದ ಸ್ಕಾಟ್ಲೆಂಡು ಆಕೀಗ್ಯಾಕ?" ಎಂದೆ.

ಮಾವ ನನ್ನ ಕೈಯಲ್ಲಿದ್ದ ಖಾಲಿ ಕೋಲನ್ನು ನೋಡಿದರು. ಅವರು ಅನಾಥಾಶ್ರಮದಲ್ಲಿ ಬೆಳೆದವರು. ಅದು ನನಗೆ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ.

"ನಮ್ಮ ಮದುವಿ ಹುಬ್ಬಳ್ಳ್ಯಾಗ ಆತು" ಎಂದರು. "ಹೆಣ್ಣಿನ ಕಡಿ ಹಾಲ್ ತುಂಬ ಮಂದಿ. ಭಟ್ಟರು ಕೇಳಿದ್ರು, ಗಂಡಿನ ಕಡಿಯವರು ಯಾರ ಅದೀರಿ, ಮುಂದ ಬರ್ರಿ ಅಂತ. ಎರಡು ಸಲ ಕೇಳಿದ್ರು. ಯಾರೂ ಬರಲಿಲ್ಲ. ನಾ ತಲಿ ತಗ್ಗಿಸಿ ಕೂತೆ. ಆಗ ನಿಮ್ಮತ್ತಿ ನನ್ನ ಕಿವ್ಯಾಗ ಹೇಳಿದ್ಲು, ನಿಮ್ಮ ಮಂದೀನ್ನ ನಾ ಹುಡುಕಿ ತರತೀನಿ."

ಕಿಲ್ಟಿನ ಕೆಳಗೆ ಗಾಳಿ ಆಡುತ್ತಿತ್ತು. ನನಗೆ ಅದರ ಖಬರು ಉಳಿಯಲಿಲ್ಲ.

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಮಾವನ ಕುಲದ ಹೆಸರು ಕೇಳಿತು. ಅತ್ತೆ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಮಾವ ತಲೆ ತಗ್ಗಿಸಿದರು. ಮೈಕಿನವರು ಎರಡನೆಯ ಸಲ ಕೂಗಿದರು.

"ಅದೀವ್ರೀ!" ಎಂದು ನಾನು ಕೋಲೆತ್ತಿ ಅರಚಿದೆ. ನನ್ನ ಹಿಂದೆ ಏಳೆಂಟು ಸಂಸಾರಗಳೂ, ಮಕ್ಕಳು ಮರಿ ಸಮೇತ, "ಅದೀವ್ರೀ!" ಎಂದು ಕೂಗಿದವು. ಮೈಕು ಹಿಡಿದವರು ಅದನ್ನು ಸ್ಕಾಟ್ಲೆಂಡಿನ ಗೇಲಿಕ್ ಭಾಷೆ ಎಂದುಕೊಂಡರೋ ಏನೋ, ತಲೆಬಾಗಿ ಗುರುತು ಹಾಕಿಕೊಂಡರು.

ಮಾವ ತಿರುಗಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಅತ್ತೆ ಅವರ ತೋಳು ಹಿಡಿದುಕೊಂಡು, ಇಲ್ಲದ ದನಿಯಲ್ಲಿ ಹೇಳಿದಳು:

"ಅಳಬ್ಯಾಡ್ರೀ. ಗಂಡಿನ ಕಡಿಯವರು ಬಂದಾರ."